ಯಮೀನ್

ಕುಡುತಿನಿ ರಸ್ತೆಯ ತಗಡಿನ ಶೆಡ್ಡಿನಲ್ಲಿ
ಗಾದಿಲಿಂಗಪ್ಪ ಟಾರ್ಪಾಲು ಎಳೆದ.
ಎದ್ದಿತು ಧೂಳು, ಅದೇ ಕೆಂಪು ಧೂಳು,
ಹನ್ನೆರಡು ಟಿಪ್ಪರ್ ಓಡಿಸಿ ಅವನನ್ನು ಸಾಹುಕಾರನ ಮಾಡಿದ್ದು,
ಆಮೇಲೆ ಒಂದೊಂದಾಗಿ ಹನ್ನೆರಡನ್ನೂ ನುಂಗಿದ್ದು.

ಉಳಿದದ್ದು ಇದೊಂದು.
ಆರು ಸಿಲಿಂಡರು, ಎರಡು ಗಾಲಿ,
ಹಿಂದೆ ಕೂರುವವರಿಗೆ ತೋಳಿರುವ ಕುರ್ಚಿ,
ದುಬೈಯಿಂದ ಹಡಗು ಹತ್ತಿ ಬಂದದ್ದು.
"ಹದಿನಾಲ್ಕು ವರ್ಷದಾಗ ಮೂರು ಸಾವಿರದ ನೂರು ಕಿಲೋಮೀಟ್ರು.
ಮೊದಲು ಮಂದಿ ನೋಡ್ಲಿ ಅಂತ ಹೊರಗ ತಗೀತಿದ್ದೆ.
ಆಮ್ಯಾಲ, ನೋಡತಾರಂತನ ತಗೀಲಿಲ್ಲ."

ನಾನು ಕೊರಳಿಂದ ಟೇಪು ತೆಗೆದೆ.
ದಲ್ಲಾಳಿ ಪಂಪಾಪತಿಗೆ ನಗು:
"ಮಾಸ್ತರ್, ಇದಕ್ಕೂ ಪ್ಯಾಂಟ್ ಹೊಲಿತೀಯೇನು?"
ಉದ್ದ ನೂರಾನಾಲ್ಕು ಇಂಚು.
ಕೌಲ್ ಬಜಾರಿನ ನಮ್ಮ ಓಣಿಯ ಅಗಲ ಎಪ್ಪತ್ತೆರಡು,
ಅದರಲ್ಲಿ ಒಂಬತ್ತು ಗಟಾರದ ಪಾಲು.
ಬಟ್ಟೆಯಾಗಿದ್ದರೆ ಅಂಚಿಗೆ ಮಡಚಬಹುದಿತ್ತು.

"ಹಿಂದಕ್ಕೂ ಹೋಗತೈತಿ," ಅಂದ ಗಾದಿಲಿಂಗಪ್ಪ.
ಗುಂಡಿ ಒತ್ತಿದ.
ಬಾನಿಯಿಂದ ಎಮ್ಮೆ ಹಿಂದೆ ಸರಿದಂತೆ
ಸರಿಯಿತು ಅದು, ಅವಸರವಿಲ್ಲದೆ.

ಇಪ್ಪತ್ತೆಂಟು ವರ್ಷ
ನಲವತ್ತು ಪದರ ಜೀನ್ಸ್ ಒಂದೇ ಪಟ್ಟಿಗೆ ಕೊಯ್ದವನು ನಾನು.
ಉಗುರಿನ ಸಂದಿಯ ನೀಲಿ ಮದುವೆಯ ದಿನವೂ ಹೋಗಿರಲಿಲ್ಲ.
ಒಂದು ತಪ್ಪಿದರೆ ನಲವತ್ತು ತಪ್ಪಿದಂತೆ.
ಹಿಂದಕ್ಕೆ ಹೋಗಲಿಕ್ಕೂ ಗುಂಡಿ ಇರುತ್ತದೆಂದು
ಯಾರೂ ಹೇಳಿರಲಿಲ್ಲ.

ಆರು ಅಂದ. ನಾಲ್ಕೂವರೆ ಅಂದೆ.
ಚಹಾ ಬಂತು. ಐದಕ್ಕೆ ಕೈ ಕೂಡಿತು.
ಕೀಲಿ ಕೊಟ್ಟ, ಕಾಗದ ಕೊಟ್ಟ,
ಟಾರ್ಪಾಲು ಮಾತ್ರ ಕೊಡಲಿಲ್ಲ:
"ಅದು ನನ್ನ ಮೊದಲ್ನೇ ಲಾರೀದು."

ಜೈತುನಬಿ ಎರಡು ದಿನ ಮಾತು ಬಿಟ್ಟಳು.
ಮೂರನೆಯ ನಸುಕಿಗೆ, ನಮಾಜು ಮುಗಿಸಿ,
ದುಪಟ್ಟಾ ಬಿಗಿದು ಬಂದು ಹಿಂದೆ ಕೂತಳು.
"ಚಾಲೂ ಮಾಡ್ರಿ."
"ಚಾಲೂ ಐತಿ."

ಮುಂದಿನ ಪರದೆಯಲ್ಲಿ ನಕಾಶೆ ಬೆಳಗಿತು: ಬರೀ ಬೂದು.
ಬಳ್ಳಾರಿ ಅದಕ್ಕೆ ಗೊತ್ತಿಲ್ಲ. ಗುಡ್ಡವಿಲ್ಲ, ಕೋಟೆಯಿಲ್ಲ,
ನಾವಿಬ್ಬರೂ ಸೇರಿ ಒಂದು ಬಾಣದ ಗುರುತು.
ಒಳಗಿನ ಹೆಣ್ಣುದನಿ ಮಾತ್ರ ಹದಿನಾಲ್ಕು ವರ್ಷದಿಂದಲೂ
ಯಾರದೋ ಮನೆಗೆ ದಾರಿ ಹೇಳುತ್ತಲೇ ಇದೆ,
ಅರಬ್ಬಿಯಲ್ಲಿ.

"ಯಮೀನ್ ಅಂದ್ಲು. ಬಲಕ್ಕ ತಿರುಗ್ಸ್ರಿ."
ಕುರಾನು ಪೂರ್ತಿ ಓದಿದವಳು ಅವಳು,
ನಾನು ಎರಡನೇ ಪಾಠಕ್ಕೇ ಮದರಸಾ ಬಿಟ್ಟವನು.
ರಾಯಲ್ ಸರ್ಕಲ್ಲಿನಲ್ಲಿ ದನಿ ಇನ್ನೇನೋ ಅಂದಿತು.
"ಅದು ನಂಗ ಬರಲ್ಲ.
ಉಸ್ತಾದರು ಎಡಕ್ಕ ಬ್ಯಾರೆ ಪದ ಕಲಿಸಿದ್ರು."
ಹಾಗಾಗಿ ಬಲಕ್ಕೇ ತಿರುಗಿದೆವು.
ಇನ್ನೊಮ್ಮೆ ಬಲಕ್ಕೆ.
ನಾಲ್ಕು ಸಲ ಬಲಕ್ಕೆ ತಿರುಗಿದರೆ ಎಲ್ಲಿ ಬಂದು ನಿಲ್ಲುತ್ತೇವೆಂದು
ಕಟಿಂಗ್ ಮಾಸ್ತರನಿಗೆ ಗೊತ್ತಿರಬೇಕು.
ಗೊತ್ತಿತ್ತು. ಹೇಳಲಿಲ್ಲ.

ಏಪ್ರಿಲ್ಲು. ಏಳಕ್ಕೇ ಡಾಂಬರು ಬೆವರುವ ಊರು.
"ಕೆಳಗ ಏನೋ ಸುಡಾಕ ಹತ್ತೇತ್ರಿ," ಅಂದಳು.
ನನ್ನ ಹೆಬ್ಬೆರಳು ತಾಗಿದ್ದು
ಸೀಟು ಬಿಸಿ ಮಾಡುವ ಗುಂಡಿಗೆ,
ಹಿಮ ಬೀಳುವ ನಾಡಿನವರಿಗೆಂದು ಇಟ್ಟದ್ದು.
ಆರಿಸಲು ತಡಕಾಡಿದೆ.
"ಇರ್ಲಿ ಬಿಡ್ರಿ."

ಇಪ್ಪತ್ತೊಂದು ವರ್ಷ ಓವರ್‌ಲಾಕ್ ಮಷೀನಿನ ಮುಂದೆ
ಬರೀ ಸ್ಟೂಲಿನ ಮೇಲೆ ಕೂತ ಸೊಂಟ ಅದು.
ಕನ್ನಡಿಯಲ್ಲಿ ನೋಡಿದೆ:
ಕುರ್ಚಿಗೆ ಒರಗಿದ್ದಳು, ಕಣ್ಣು ಮುಚ್ಚಿತ್ತು,
ತೋಳುಗಳ ಮೇಲೆ ತೋಳು.
ದನಿ ಮತ್ತೇನೋ ಹೇಳಿತು.
ಈ ಸಲ ಅವಳು ಅರ್ಥ ಹೇಳಲಿಲ್ಲ.

ನಮ್ಮ ಓಣಿಯ ಬಾಯಿ ಬಂತು.
ಪೆಟ್ರೋಲಿನ ಮುಳ್ಳು ಅರ್ಧದ ಮೇಲಿತ್ತು.
ದಾಟಿ ಹೋದೆ.